ಅಮ್ಮನ ಬೆರಳು ಬೆಳಿಗ್ಗೆ ಮಡಚುವುದೇ ಇಲ್ಲ. ಇದು ಅಜ್ಜಿಗಿದ್ದ ವಾಯುವೇನಾ, ಬೇರೆಯಾ?

ಕುಂದಾದ್ರಿ ತಪ್ಪಲು:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲೂಕು, ಆಗುಂಬೆ ದಾರಿಯಲ್ಲಿ ಒಂದು ಹಳ್ಳಿ. ಅಮ್ಮನಿಗೆ 52 ವರ್ಷ. ಹೋದ ಸಲದ ಅಡಿಕೆ ಕೊಯ್ಲಿನಿಂದ ಎರಡೂ ಕೈಯ ಬೆರಳಿನ ಗೆಣ್ಣು ಊದಿಕೊಳ್ಳುತ್ತಿದೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಆಗುವುದಿಲ್ಲ. ಹಾಲು ಕರೆಯಲು ಕೂತರೆ ಬೆರಳು ಮಾತೇ ಕೇಳುವುದಿಲ್ಲ. ಒಂಬತ್ತು ಗಂಟೆ ದಾಟಿದ ಮೇಲೆ ಸ್ವಲ್ಪ ಸಡಿಲ ಆಗುತ್ತದೆ.

ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, "ವಾಯು. ಅಜ್ಜಿಗೂ ಇತ್ತು. ಮಳೆಗಾಲ ಮುಗಿದರೆ ಸರಿ ಹೋಗುತ್ತದೆ." ಆದರೆ ಅಜ್ಜಿಗೆ ಇದ್ದದ್ದು ಮಂಡಿನೋವು. ಅದೂ 70 ದಾಟಿದ ಮೇಲೆ.

ಪಕ್ಕದ ಊರಿನಲ್ಲಿ ಒಬ್ಬರು ಪುಡಿ ಕೊಡುತ್ತಾರೆ. ನಾಲ್ಕು ತಿಂಗಳಿಂದ ಅಮ್ಮ ದಿನಾ ಅದನ್ನು ತೆಗೆದುಕೊಳ್ಳುತ್ತಿದ್ದಾರೆ. ಮೊದಲ ವಾರದಲ್ಲೇ ನೋವು ಮಾಯ ಆಗಿತ್ತು. ಈಗ ಮುಖ ಊದಿದ ಹಾಗೆ ಕಾಣುತ್ತದೆ. ಒಂದು ದಿನ ಪುಡಿ ತಪ್ಪಿದರೆ ನೋವು ಮೊದಲಿಗಿಂತ ಜಾಸ್ತಿ.

ಕಳೆದ ವಾರ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಆರ್‌ಎ ಫ್ಯಾಕ್ಟರ್ ಎಂಬ ರಕ್ತ ಪರೀಕ್ಷೆ ನೆಗೆಟಿವ್ ಬಂತು. ಆದರೂ ರುಮಟಾಯ್ಡ್ ಎಂಬ ಕೀಲಿನ ಕಾಯಿಲೆ ಇರಬಹುದು ಎಂದು ಡಾಕ್ಟರ್ ಇನ್ನೊಂದು ರಕ್ತ ಪರೀಕ್ಷೆ ಬರೆದರು. ಮೆಥೊಟ್ರೆಕ್ಸೇಟ್ ಮಾತ್ರೆಯನ್ನೂ ಬರೆದರು. ಪುಡಿಯ ವಿಷಯ ಅಮ್ಮ ಬಾಯಿ ಬಿಡಲಿಲ್ಲ, ಬೈಯುತ್ತಾರೆ ಅಂತ. ಮನೆಗೆ ಬಂದರೆ ಚಿಕ್ಕಮ್ಮನ ಮಗ ಮೊಬೈಲ್ ನೋಡಿ "ಇದು ಕ್ಯಾನ್ಸರ್ ಮಾತ್ರೆ" ಅಂದ. ಮಾತ್ರೆ ಹಾಗೇ ಕಪಾಟಿನಲ್ಲಿದೆ. ನಾನು ಏನು ಮಾಡಲಿ?

ಅಡಿಕೆ ಸೀಮೆ:
ತಂಗಿ, ಮೊದಲು ಆ ಪುಡಿ ಬಚ್ಚಲ ಒಲೆಗೆ ಹಾಕು. ಇವತ್ತೇ.

ತುಂಗೆಯ ದಂಡೆ:
ಲಕ್ಕಿ ಸೊಪ್ಪು ಕುದಿಸಿ ಬಿಸಿ ನೀರು ಹಾಕಿ. ನಮ್ಮ ಅತ್ತೆಗೆ ಅದರಲ್ಲೇ ಹೋಯಿತು. ಕಳಲೆ, ಕೆಸುವು, ಆಲೂಗಡ್ಡೆ ಬಿಡಿಸಿ. ಎಲ್ಲ ವಾಯು ಪದಾರ್ಥ.

ನರ್ಸ್ ಅಕ್ಕ:
ಅಡಿಕೆ ಸೀಮೆಯವರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಆ ಸಲಹೆ ಅಪಾಯ. ದಯವಿಟ್ಟು ಹಾಗೆ ಮಾಡಬೇಡಿ.

ವಾರದಲ್ಲಿ ನೋವು ಮಾಯ, ಮುಖ ದುಂಡಗೆ, ಬಿಟ್ಟರೆ ಇಮ್ಮಡಿ ನೋವು. ಇದನ್ನು ಓದಿದರೆ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದು ಅನ್ನಿಸುತ್ತದೆ. ಹೆಸರಿಲ್ಲದ ಪೊಟ್ಟಣಗಳಲ್ಲಿ ಇದು ಹೊಸದಲ್ಲ. ನಮ್ಮ ದೇಹ ತಾನೇ ದಿನಾ ಸ್ವಲ್ಪ ಸ್ಟಿರಾಯ್ಡ್ ತಯಾರಿಸುತ್ತದೆ. ತಿಂಗಳುಗಟ್ಟಲೆ ಹೊರಗಿನಿಂದ ಕೊಟ್ಟರೆ ಆ ಕೆಲಸ ನಿಲ್ಲಿಸಿಬಿಡುತ್ತದೆ. ಆಗ ಪುಡಿಯನ್ನು ಒಂದೇ ಏಟಿಗೆ ಬಿಟ್ಟರೆ ವಾಂತಿ, ತಲೆ ತಿರುಗುವುದು, ಬಿಪಿ ಕುಸಿಯುವುದು, ಎಲ್ಲ ಆಗಬಹುದು. ಡಾಕ್ಟರ್ ಲೆಕ್ಕ ಹಾಕಿ ನಿಧಾನಕ್ಕೆ ಇಳಿಸಬೇಕು. ಹಾಗಂತ ಮುಂದುವರಿಸಿಕೊಂಡು ಹೋಗುವುದೂ ಬೇಡ. ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ನಾಳೆಯೇ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಅದೇ ಡಾಕ್ಟರ ಹತ್ತಿರ ಹೋಗಿ. ಯಾರೂ ಬೈಯುವುದಿಲ್ಲ. ಬೈದರೂ ಹೇಳಿ.

ಅಡಿಕೆ ಸೀಮೆ:
ಇದು ನನಗೆ ಗೊತ್ತಿರಲಿಲ್ಲ ಸಿಸ್ಟರ್. ನನ್ನ ಮಾತು ವಾಪಸ್. ತಂಗಿ, ಅವರು ಹೇಳಿದ ಹಾಗೆ ಮಾಡು.

ನಿವೃತ್ತ ಮೇಷ್ಟ್ರು:
ಹೊಸನಗರದಿಂದ ಬರೆಯುತ್ತಿದ್ದೇನೆ. ನನಗೆ 68. ಇರುವುದು ಮಂಡಿ ಸವೆತ, ಆಸ್ಟಿಯೋ ಆರ್ಥ್ರೈಟಿಸ್. ಅಜ್ಜಿಗೆ ಇದ್ದದ್ದು ಇದೇ ಇರಬೇಕು. ಅಮ್ಮನದ್ದು ಇದಲ್ಲ ಅಂತ ನನ್ನ ಅಂದಾಜು. ಯಾಕೆ ಅಂದರೆ ನನಗೂ ಬೆಳಿಗ್ಗೆ ಮಂಡಿ ಹಿಡಿದಿರುತ್ತದೆ. ಆದರೆ ಹಲ್ಲುಜ್ಜಿ ಕಾಫಿ ಕುಡಿಯುವಷ್ಟರಲ್ಲಿ, ಹತ್ತಿಪ್ಪತ್ತು ನಿಮಿಷಕ್ಕೆ ಬಿಟ್ಟುಹೋಗುತ್ತದೆ. ಆಮೇಲೆ ದಿನವಿಡೀ ತೋಟದಲ್ಲಿ ಓಡಾಡಿದರೆ ಸಂಜೆ ನೋವು ಜಾಸ್ತಿ. ನಿಮ್ಮ ಅಮ್ಮನಿಗೆ ತಿರುವುಮುರುವು. ಬೆಳಿಗ್ಗೆ ಗಂಟೆಗಟ್ಟಲೆ ಬಿಗಿ, ಕೆಲಸ ಮಾಡುತ್ತಾ ಸಡಿಲ.

ಸವೆತದಲ್ಲಿ ಮೂಳೆಯ ತುದಿಗೆ ಇರುವ ಮೆತ್ತೆ ತೆಳ್ಳಗಾಗುತ್ತಾ ಹೋಗುತ್ತದೆ. ರುಮಟಾಯ್ಡಿನಲ್ಲಿ ನಮ್ಮ ರೋಗ ನಿರೋಧಕ ಶಕ್ತಿಯೇ ತಪ್ಪು ತಿಳಿದು ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಎರಡಕ್ಕೂ ನಾವು ಇಟ್ಟಿರುವ ಹೆಸರು ಒಂದೇ, ಸಂಧಿವಾತ. ಅಲ್ಲೇ ಎಲ್ಲ ಗೊಂದಲ.

ಮೆಡಿಕಲ್ ಶಾಪ್:
ಔಷಧಿ ಅಂಗಡಿಯಲ್ಲಿ 19 ವರ್ಷದಿಂದ ಇದ್ದೇನೆ, ಅದಕ್ಕೆ ಈ ಮಾತ್ರೆಯ ಬಗ್ಗೆ ಮಾತ್ರ ಹೇಳುತ್ತೇನೆ.

ಮೆಥೊಟ್ರೆಕ್ಸೇಟ್ ಕ್ಯಾನ್ಸರಿಗೂ ಕೊಡುತ್ತಾರೆ, ನಿಜ. ಆದರೆ ಅಲ್ಲಿನ ಪ್ರಮಾಣ ಬಹಳ ದೊಡ್ಡದು. ಕೀಲಿಗೆ ಕೊಡುವುದು ಸಣ್ಣ ಪ್ರಮಾಣ. ದಶಕಗಳಿಂದ ರುಮಟಾಯ್ಡಿಗೆ ಮೊದಲು ಬರೆಯುವ ಔಷಧಿಯೇ ಇದು. ನೋವು ಮುಚ್ಚುವ ಮಾತ್ರೆ ಅಲ್ಲ, ಕಾಯಿಲೆಯ ಓಟವನ್ನೇ ತಡೆಯುವಂಥದ್ದು. ಗುಣ ಕಾಣಲು 6ರಿಂದ 12 ವಾರ ಬೇಕು. ಅಷ್ಟರಲ್ಲಿ "ಏನೂ ಉಪಯೋಗ ಇಲ್ಲ" ಅಂತ ಬಿಟ್ಟವರನ್ನು ನಾನು ತುಂಬಾ ನೋಡಿದ್ದೇನೆ.

ಈಗ ಮುಖ್ಯ ವಿಷಯ. ಇದು ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಮನೆಯಲ್ಲಿ ಬಿಪಿ ಮಾತ್ರೆಯ ಜೊತೆ ಸೇರಿಸಿ ದಿನಾ ಕೊಟ್ಟು, ಬಾಯೆಲ್ಲ ಹುಣ್ಣಾಗಿ, ರಕ್ತದ ಕಣ ಕುಸಿದು, ಜೀವಕ್ಕೇ ಬಂದದ್ದುಂಟು. ವಾರದಲ್ಲಿ ಯಾವ ದಿನ ಎಂದು ಗೊತ್ತು ಮಾಡಿಕೊಳ್ಳಿ, ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ ಬರೆದಿರುತ್ತಾರೆ, ಅದನ್ನು ಬಿಡಬೇಡಿ. ಲಿವರ್ ಮತ್ತು ರಕ್ತದ ಕಣದ ಪರೀಕ್ಷೆ ಆಗಾಗ ಮಾಡಿಸಲೇಬೇಕು.

ವರದಾ ತೀರ:
ಇದಕ್ಕೆ ನಾನೂ ಒಂದು ಸೇರಿಸುತ್ತೇನೆ. ನನಗೆ 31, ರುಮಟಾಯ್ಡ್ ಬಂದು ಮೂರು ವರ್ಷ. ಮಗು ಬೇಕು ಅನ್ನುವವರು ಮೆಥೊಟ್ರೆಕ್ಸೇಟ್ ಮೊದಲೇ ನಿಲ್ಲಿಸಬೇಕು, ಡಾಕ್ಟರನ್ನು ಕೇಳಿಕೊಂಡು. ನನಗೆ ಮದುವೆ ಆದ ಮೇಲೆ ಗೊತ್ತಾಯಿತು, ಅದೂ ನಾನಾಗಿ ಕೇಳಿದ್ದಕ್ಕೆ. ಈಗ ಬೇರೆ ಮಾತ್ರೆಯಲ್ಲಿದ್ದೇನೆ, ಚೆನ್ನಾಗಿದ್ದೇನೆ.

ಕುಂದಾದ್ರಿ ತಪ್ಪಲು:
ಎಲ್ಲರಿಗೂ ಧನ್ಯವಾದ. ಓದುತ್ತಾ ಕೈ ನಡುಗುತ್ತಿದೆ. ಒಂದು ಅನುಮಾನ ಉಳಿದಿದೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದರೂ ಕಾಯಿಲೆ ಇರಬಹುದಾ?

ನರ್ಸ್ ಅಕ್ಕ:
ಇರಬಹುದು. ಕಾಯಿಲೆ ಇರುವ ಕೆಲವರಲ್ಲಿ ಅದು ನೆಗೆಟಿವ್ ಬರುತ್ತದೆ. ಕಾಯಿಲೆಯೇ ಇಲ್ಲದ ವಯಸ್ಸಾದವರಲ್ಲಿ ಪಾಸಿಟಿವ್ ಬರುವುದೂ ಉಂಟು. ಇನ್ನೊಂದು ಪರೀಕ್ಷೆ ಅಂದಿರಲ್ಲ, ಅದು ಬಹುಶಃ ಆಂಟಿ ಸಿಸಿಪಿ. ಅದು ಪಾಸಿಟಿವ್ ಬಂದರೆ ರುಮಟಾಯ್ಡ್ ಅನ್ನಲು ಹೆಚ್ಚು ಬಲ. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತ ಪರೀಕ್ಷೆಗಳು ನೋಡುವುದು ಉರಿಯೂತ ಎಷ್ಟಿದೆ ಅಂತ, ಕಾಯಿಲೆಯ ಹೆಸರು ಅವು ಹೇಳುವುದಿಲ್ಲ. ಒಂದೇ ಕಾಗದ ಇಟ್ಟುಕೊಂಡು ತೀರ್ಮಾನ ಮಾಡಲು ಆಗುವುದಿಲ್ಲ. ಎರಡೂ ಕೈಯ ಸಣ್ಣ ಕೀಲು, ಬೆಳಿಗ್ಗೆ ಒಂದು ಗಂಟೆಗೂ ಮೀರಿದ ಬಿಗಿ, ಊತ. ಡಾಕ್ಟರ್ ಬೆರಳು ಒತ್ತಿ ನೋಡಿರುತ್ತಾರಲ್ಲ, ಅದಕ್ಕೆ ತುಂಬಾ ಬೆಲೆ ಇದೆ.

ಕೊಡಚಾದ್ರಿ ಮಳೆ:
ಅಮ್ಮನಿಗೆ ಇದಕ್ಕೂ ಮೊದಲು ಜ್ವರ ಬಂದಿತ್ತಾ? 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯಕ್ಕೆಲ್ಲ ಬಂತಲ್ಲ, ಆಗ ನಮ್ಮ ಮನೆಯಲ್ಲಿ ಐದು ಜನ ಮಲಗಿದ್ದೆವು. ಜ್ವರ ವಾರದಲ್ಲಿ ಬಿಟ್ಟಿತು. ಕೀಲು ಬಿಡಲಿಲ್ಲ. ಅಪ್ಪ ಎಂಟು ತಿಂಗಳು ಕತ್ತಿ ಹಿಡಿಯಲಿಲ್ಲ. ನೋಡಿದರೆ ಥೇಟ್ ರುಮಟಾಯ್ಡ್. ಜ್ವರದ ವಿಷಯ ಡಾಕ್ಟರಿಗೆ ಹೇಳಲೇಬೇಕು.

ಕುಂದಾದ್ರಿ ತಪ್ಪಲು:
ಇಲ್ಲ, ಜ್ವರ ಬಂದಿರಲಿಲ್ಲ.

ತುಂಗೆಯ ದಂಡೆ:
ಎಲ್ಲರೂ ಇಂಗ್ಲಿಷ್ ಔಷಧಿಯನ್ನೇ ಹೇಳುತ್ತಿದ್ದೀರಿ. ನಮ್ಮ ಹಿರಿಯರು ಏನು ದಡ್ಡರಾ? ಅವರಿಗೆ ಕೀಲುನೋವು ಬರುತ್ತಿರಲಿಲ್ವಾ? ಬಿಸಿ ಎಣ್ಣೆ ತಿಕ್ಕಿ, ಹಂಡೆಯ ನೀರು ಹೊಯ್ದರೆ ಎದ್ದು ಓಡಾಡುತ್ತಿದ್ದರು.

ವೈದ್ಯ ವೃತ್ತಿ:
ನಾನು ಆಯುರ್ವೇದ ಓದಿದವನು. ತುಂಗೆಯ ದಂಡೆಯವರೇ, ಹಿರಿಯರು ದಡ್ಡರಲ್ಲ. ಅದಕ್ಕೇ ಅವರು ಎಲ್ಲವನ್ನೂ ವಾಯು ಅಂತ ಒಂದೇ ಗಂಟಿಗೆ ಕಟ್ಟಲಿಲ್ಲ. ಸಂಧಿಗತ ವಾತ ಬೇರೆ, ಆಮವಾತ ಬೇರೆ, ವಾತರಕ್ತ ಬೇರೆ ಎಂದು ಬರೆದಿಟ್ಟರು. ಮಾಧವ ನಿದಾನ ಎಂಬ ಹಳೆಯ ಆಯುರ್ವೇದ ಗ್ರಂಥದಲ್ಲಿ ಆಮವಾತಕ್ಕೆ ಬೇರೆ ಅಧ್ಯಾಯವೇ ಇದೆ. ಸುಮಾರಾಗಿ ಹೇಳಬೇಕೆಂದರೆ ಈ ಮೂರೂ ಕ್ರಮವಾಗಿ ಈಗಿನ ಸವೆತ, ರುಮಟಾಯ್ಡ್, ಗೌಟ್‌ಗಳಿಗೆ ಹತ್ತಿರ.

ಇನ್ನೊಂದು ಮಾತು. ಕೀಲು ಕೆಂಪಗೆ ಊದಿ ಬಿಸಿಯಾಗಿರುವ ಆಮವಾತದಲ್ಲಿ ಮೊದಲಿಗೆ ಎಣ್ಣೆ ತಿಕ್ಕುವುದಿಲ್ಲ. ಮರಳನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಒಣ ಶಾಖ ಕೊಡುತ್ತೇವೆ. ಸವೆತಕ್ಕೆ ಎಣ್ಣೆ ಹಿತ. ಎರಡನ್ನೂ ಬೆರೆಸಿದರೆ ನಮ್ಮ ಶಾಸ್ತ್ರದ ಪ್ರಕಾರವೇ ತಪ್ಪು. ಆ ಪುಡಿ ಕೊಡುವವರು ಒಳಗೆ ಏನಿದೆ ಅಂತ ಹೇಳುತ್ತಾರಾ ಕೇಳಿ. ಹೇಳದಿದ್ದರೆ ಅದನ್ನು ಆಯುರ್ವೇದ ಅನ್ನಬೇಡಿ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ರುಮಟಾಯ್ಡ್ ಇದ್ದವರು ನನ್ನ ಹತ್ತಿರ ಬಂದರೆ, ಕೀಲು ಹಾಳಾಗುವ ಮೊದಲು ರುಮಟಾಲಜಿಸ್ಟ್, ಅಂದರೆ ಇಂಥ ಕೀಲಿನ ಕಾಯಿಲೆಗಳ ತಜ್ಞರ ಹತ್ತಿರ ಹೋಗಿ ಎಂದೇ ನಾನೂ ಹೇಳುತ್ತೇನೆ.

ತುಂಗೆಯ ದಂಡೆ:
ಸರಿ ಡಾಕ್ಟ್ರೇ. ಎಣ್ಣೆಯ ವಿಷಯ ತಿಳಿದಿರಲಿಲ್ಲ. ಲಕ್ಕಿ ಸೊಪ್ಪಿನ ನೀರಾದರೂ ಹಾಕಬಹುದಾ?

ವೈದ್ಯ ವೃತ್ತಿ:
ಬೆಚ್ಚಗೆ, ಹಿತ ಅನ್ನಿಸಿದರೆ ಧಾರಾಳವಾಗಿ. ಔಷಧಿಯ ಜಾಗಕ್ಕೆ ಅಲ್ಲ, ಔಷಧಿಯ ಜೊತೆಗೆ.

ಭದ್ರಾ ಕಾಲುವೆ:
ಗೌಟ್ ಅಂದಿರಿ, ನನ್ನ ಕಥೆ ಹೇಳಲೇಬೇಕು. ಭದ್ರಾವತಿ, 44 ವರ್ಷ. ಒಂದು ರಾತ್ರಿ ಎರಡು ಗಂಟೆಗೆ ಕಾಲಿನ ಹೆಬ್ಬೆರಳಿಗೆ ಬೆಂಕಿ ಬಿದ್ದ ಹಾಗಾಯಿತು. ಹೊದಿಕೆಯ ಅಂಚು ತಾಗಿದರೂ ತಡೆಯಲು ಆಗುತ್ತಿರಲಿಲ್ಲ. ಏನೋ ಕಚ್ಚಿದೆ ಎಂದು ಹೆಂಡತಿ ಟಾರ್ಚ್ ಹಿಡಿದು ಮಂಚದ ಕೆಳಗೆಲ್ಲ ಹುಡುಕಿದಳು.

ಮರುದಿನ ಯೂರಿಕ್ ಆಸಿಡ್ ನೋಡಿದರೆ ನಾರ್ಮಲ್! ಒಬ್ಬರು ಉಳುಕು ಅಂದರು, ಇನ್ನೊಬ್ಬರು ಸೋಂಕು ಅಂದರು. ಮೂರು ವಾರ ಬಿಟ್ಟು ಮತ್ತೆ ಮಾಡಿಸಿದಾಗ 9.1. ನೋವು ಜೋರಾಗಿದ್ದಾಗ ರಕ್ತದಲ್ಲಿ ಅದು ಇಳಿದು ಕಾಣಬಹುದಂತೆ. ರಕ್ತದಲ್ಲಿ 6.8 ದಾಟಿದರೆ ಅದು ಹರಳುಗಟ್ಟಲು ಶುರು, ಹರಳು ಕೀಲಿನಲ್ಲಿ ಕೂರುತ್ತದೆ. ಈಗ ಅಲೊಪ್ಯೂರಿನಾಲ್ ತೆಗೆದುಕೊಂಡು 6ರ ಕೆಳಗೆ ಇಟ್ಟುಕೊಂಡಿದ್ದೇನೆ. ಎರಡು ವರ್ಷದಿಂದ ಒಂದು ಸಲವೂ ಬಂದಿಲ್ಲ.

ಕೊಡಚಾದ್ರಿ ಮಳೆ:
ಹಾಗಾದರೆ ತೊಗರಿಬೇಳೆ ಬಿಟ್ಟಿದ್ದೀರಾ? ನನಗೆ ಯೂರಿಕ್ ಆಸಿಡ್ 7.4 ಇದೆ, ನೋವು ಏನೂ ಇಲ್ಲ. ಎಲ್ಲರೂ ಬೇಳೆ ಬಿಡು ಅನ್ನುತ್ತಾರೆ.

ಭದ್ರಾ ಕಾಲುವೆ:
ಮೊದಲ ಆರು ತಿಂಗಳು ಬಿಟ್ಟು ಬರೀ ತಿಳಿಸಾರು ಕುಡಿದೆ. ಆಮೇಲೆ ಡಾಕ್ಟರ್ ಹೇಳಿದರು, ಬೇಳೆಕಾಳಿನಿಂದ ಗೌಟ್ ಏರುವುದಿಲ್ಲ ಅಂತ. ಬಿಡಬೇಕಾದದ್ದು ಬಿಯರ್, ಕುರಿಯ ಲಿವರ್ ಬೋಟಿ, ಸಿಹಿ ಕೂಲ್ ಡ್ರಿಂಕ್ಸ್. ಭೂತಾಯಿ ಮೀನು ಕಮ್ಮಿ ಮಾಡಿದ್ದೇನೆ, ಅದೊಂದೇ ನನಗೆ ಕಷ್ಟ ಆದದ್ದು.

ನರ್ಸ್ ಅಕ್ಕ:
ಕೊಡಚಾದ್ರಿಯವರೇ, ಕಾಗದದಲ್ಲಿ ಅಂಕಿ ಜಾಸ್ತಿ ಇದ್ದ ಮಾತ್ರಕ್ಕೆ ಗೌಟ್ ಅಲ್ಲ. ಯೂರಿಕ್ ಆಸಿಡ್ ಹೆಚ್ಚಿರುವ ಬಹಳ ಜನಕ್ಕೆ ಒಂದು ದಿನವೂ ನೋವು ಬರುವುದಿಲ್ಲ. ಅದಕ್ಕೆ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ, ನೀವಾಗಿ ಶುರು ಮಾಡಬೇಡಿ.

ಅಂದ ಹಾಗೆ ಎಲ್ಲರಿಗೂ ಒಂದು ಮಾತು. ಒಂದೇ ಕೀಲು ದಿಢೀರನೆ ಕೆಂಪಾಗಿ ಊದಿ, ಜೊತೆಗೆ ಜ್ವರ ಚಳಿ ಇದ್ದರೆ ನಾಳೆಗೆ ಕಾಯಬೇಡಿ. ಕೀಲಿನ ಒಳಗೆ ಕೀವು ಆಗಿರಬಹುದು. ಅದೇ ದಿನ ಆಸ್ಪತ್ರೆ.

ಸೊರಬದ ಹುಡುಗ:
ನನ್ನದು ಇದ್ಯಾವುದೂ ಅಲ್ಲ. 22ಕ್ಕೆ ಸೊಂಟ ನೋವು ಶುರುವಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗುತ್ತಿತ್ತು. ಎದ್ದು ಅಂಗಳದಲ್ಲಿ ಅಡ್ಡಾಡಿದರೆ ಕಮ್ಮಿ, ಮಲಗಿದರೆ ಜಾಸ್ತಿ. ಮನೆಯವರು "ವಿಶ್ರಾಂತಿ ತಗೋ" ಅಂತ ಮಲಗಿಸುತ್ತಿದ್ದರು. ಡಿಸ್ಕ್ ಜಾರಿದೆ ಅಂತ ಬೆಲ್ಟ್ ಕಟ್ಟಿಕೊಂಡು ನಾಲ್ಕು ವರ್ಷ ಕಳೆದೆ. ಕೊನೆಗೆ ಒಂದು ದಿನ ಕಣ್ಣು ಕೆಂಡದ ಹಾಗೆ ಕೆಂಪಾಯಿತು, ಬೆಳಕು ನೋಡಲು ಆಗಲಿಲ್ಲ. ಆ ಕಣ್ಣಿನ ಡಾಕ್ಟರೇ ಕೇಳಿದ್ದು, "ಸೊಂಟ ನೋವು ಇದೆಯಾ?" ಅಂತ. ಎಚ್‌ಎಲ್‌ಎ ಬಿ27 ಎಂಬ ರಕ್ತ ಪರೀಕ್ಷೆ ಪಾಸಿಟಿವ್, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನೆಲುಬಿನ ಕೀಲುಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆ. ನನಗೆ ವ್ಯಾಯಾಮವೇ ಅರ್ಧ ಔಷಧಿ. ಸಂಧಿವಾತ ಮುದುಕರಿಗೆ ಮಾತ್ರ ಅನ್ನುವವರಿಗೆ ನಾನು ನನ್ನ ವಯಸ್ಸು ಹೇಳುತ್ತೇನೆ.

ಹೊಸ ಸೇರ್ಪಡೆ 2:
ಮಕ್ಕಳಿಗೂ ಬರುತ್ತದೆ. ನನ್ನ ಮಗಳಿಗೆ 7. ಬೆಳಿಗ್ಗೆ ಕುಂಟುತ್ತಿದ್ದಳು, ಸ್ಕೂಲಿಗೆ ಹೋಗದಿರಲು ನಾಟಕ ಎಂದು ಗದರಿಸಿದ್ದೆ. ಮಧ್ಯಾಹ್ನಕ್ಕೆ ಓಡುತ್ತಿದ್ದಳು, ಅದಕ್ಕೇ ನನಗೆ ಹಾಗನ್ನಿಸಿದ್ದು. ಒಂದೂವರೆ ತಿಂಗಳಾದರೂ ಮಂಡಿ ಊತ ಇಳಿಯಲಿಲ್ಲ. ಈಗ ಚಿಕಿತ್ಸೆಯಲ್ಲಿದ್ದಾಳೆ. ನೋವಿಲ್ಲದೆಯೂ ಒಳಗೊಳಗೇ ಕಣ್ಣಿಗೆ ಉರಿಯೂತ ಆಗಬಹುದು ಎಂದು ಆಗಾಗ ಕಣ್ಣು ತೋರಿಸುತ್ತೇವೆ. ಆ ಗದರಿಕೆ ನೆನೆಸಿಕೊಂಡರೆ ಇವತ್ತಿಗೂ ಅಳು ಬರುತ್ತದೆ.

ವರದಾ ತೀರ:
ಅಕ್ಕ, ನಿಮಗೆ ಗೊತ್ತಿರಲಿಲ್ಲ. ಹೋಗಲಿ ಬಿಡಿ. ಈಗ ಅವಳ ಜೊತೆ ಇದ್ದೀರಲ್ಲ.

ಇಕ್ಕೇರಿ ಕಡೆ:
ನಮ್ಮ ಜಿಲ್ಲೆಯ ಕೀಲುನೋವು ಅಂದ ಮೇಲೆ ಹಂದಿಗೋಡನ್ನು ಯಾರೂ ನೆನೆಸಲಿಲ್ಲವಲ್ಲ. ಸಾಗರ ತಾಲೂಕಿನ ಆ ಊರಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಕಾಯಿಲೆ. ಸೊಂಟ, ಮಂಡಿಯ ಕೀಲು ಹಾಳಾಗಿ ನಡೆಯಲಾಗದೆ ತೆವಳುವ ಸ್ಥಿತಿ ಬಂತು. ಕೆಲವರ ಬೆಳವಣಿಗೆಯೇ ಕುಂಠಿತವಾಯಿತು. ಅನುಭವಿಸಿದವರು ಹೆಚ್ಚಾಗಿ ಬಡ ದಲಿತ ಕುಟುಂಬಗಳು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣ ಎಂದು ಮೊದಲು ಸಂಶಯ ಇತ್ತು. ಆಮೇಲಿನ ಅಧ್ಯಯನಗಳು ವಂಶದಲ್ಲಿ ಬರುವ ಮೂಳೆಯ ದೋಷದ ಕಡೆ ಬೊಟ್ಟು ಮಾಡಿದವು. ಅದೂ ಕೀಲುನೋವೇ. ಅದಕ್ಕೂ ಜನ ಮೊದಲು ವಾಯು ಎಂದೇ ಹೇಳಿರಬೇಕು.

ನಿವೃತ್ತ ಮೇಷ್ಟ್ರು:
ನೆನಪಿಸಿದ್ದು ಒಳ್ಳೆಯದಾಯಿತು. ಮಂಗನ ಕಾಯಿಲೆಯ ಹೆಸರು ರಾಜ್ಯಕ್ಕೆಲ್ಲ ಗೊತ್ತು. ಇದು ಗೊತ್ತಿಲ್ಲ.

ಕೊಡಚಾದ್ರಿ ಮಳೆ:
ಮಳೆಗೂ ನೋವಿಗೂ ಸಂಬಂಧ ಇದೆಯೋ ಇಲ್ಲವೋ, ಅದನ್ನು ಹೇಳಿ ಮಾರಾಯ್ರೆ. ಜೂನ್ ಬಂದರೆ ನಮ್ಮ ಮನೆಯಲ್ಲಿ ಎಲ್ಲರ ಮಂಡಿಯೂ ಮಾತಾಡುತ್ತದೆ.

ನರ್ಸ್ ಅಕ್ಕ:
ಮಳೆಯಿಂದ ಕಾಯಿಲೆ ಬರುವುದಿಲ್ಲ. ಬಂದಿರುವ ನೋವು ಸ್ವಲ್ಪ ಏರಬಹುದು. ಬ್ರಿಟನ್ನಿನಲ್ಲಿ ಜನರಿಂದ ಮೊಬೈಲಿನಲ್ಲಿ ದಿನಾ ನೋವಿನ ಲೆಕ್ಕ ಬರೆಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ತೇವ ಜಾಸ್ತಿ, ಗಾಳಿಯ ಒತ್ತಡ ಕಮ್ಮಿ ಇರುವ ದಿನ ನೋವು ಸ್ವಲ್ಪ ಹೆಚ್ಚು ಅಂತ ಕಂಡಿತು. ಸ್ವಲ್ಪ ಮಾತ್ರ.

ಅಡಿಕೆ ಸೀಮೆ:
ನನಗೆ ಅನ್ನಿಸುವುದು, ಮಳೆಗಾಲದಲ್ಲಿ ನಾವು ಮೂರು ತಿಂಗಳು ಒಳಗೇ ಕೂರುತ್ತೇವೆ. ನಡಿಗೆ ಇಲ್ಲ, ಮೈ ಜಡ. ಅದೂ ಒಂದು ಕಾರಣ ಅಲ್ವಾ?

ತುಂಗೆಯ ದಂಡೆ:
ಮಗ ಇಡೀ ದಿನ ಬೆರಳಿನ ನೆಟಿಕೆ ತೆಗೆಯುತ್ತಾನೆ. ಅದರಿಂದ ಬರುತ್ತದಾ?

ಮೆಡಿಕಲ್ ಶಾಪ್:
ಇಲ್ಲ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ಡಾಕ್ಟರ್ 50 ವರ್ಷಕ್ಕೂ ಹೆಚ್ಚು ಕಾಲ ಒಂದೇ ಕೈಯ ನೆಟಿಕೆ ತೆಗೆದು, ಇನ್ನೊಂದನ್ನು ಬಿಟ್ಟು ನೋಡಿದರು. ಎರಡು ಕೈಯಲ್ಲೂ ಸಂಧಿವಾತ ಇರಲಿಲ್ಲ.

ನಿವೃತ್ತ ಮೇಷ್ಟ್ರು:
ಮಂಡಿ ಸವೆತದವರು ಇಲ್ಲಿ ಬಹಳ ಜನ ಓದುತ್ತಿರಬಹುದು, ಅದಕ್ಕೆ ನನಗೆ ಉಪಯೋಗ ಆದದ್ದನ್ನು ಬರೆಯುತ್ತೇನೆ. ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಬಹಳ ಸುಲಭ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿ ಮಾಡಿ, ಹತ್ತು ಎಣಿಸಿ ಇಳಿಸುವುದು. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಭಾರವನ್ನು ಅದು ಹೊರುತ್ತದೆ. ಮೊದಲ ತಿಂಗಳು ಏನೂ ಅನ್ನಿಸಲಿಲ್ಲ. ಮೂರನೇ ತಿಂಗಳಿಗೆ ಪಾಗಾರದ ಮೆಟ್ಟಿಲು ಹತ್ತಿದೆ.

ತೂಕ 6 ಕಿಲೋ ಇಳಿಸಿದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕಿಲೋ ಭಾರ ಕಮ್ಮಿ ಆಗುತ್ತದಂತೆ. ಊರುಗೋಲು ಹಿಡಿಯುವವರು ನೋವಿರುವ ಕಾಲಿನ ಪಕ್ಕದ ಕೈಯಲ್ಲಿ ಅಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ನಾನು ಒಂದು ವರ್ಷ ತಪ್ಪು ಕೈಯಲ್ಲೇ ಹಿಡಿದಿದ್ದೆ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ನನ್ನ ತಮ್ಮ ಹಾಗೆ ಮಾಡಿ ಕಿಡ್ನಿ ಕಳೆದುಕೊಂಡ.

ಇಕ್ಕೇರಿ ಕಡೆ:
ಮೇಷ್ಟ್ರೇ, ಮಂಡಿ ಬದಲಾಯಿಸುವ ಆಪರೇಷನ್ ಬೇಕಾಗುತ್ತಾ?

ನಿವೃತ್ತ ಮೇಷ್ಟ್ರು:
ನನಗೆ ಸದ್ಯಕ್ಕೆ ಬೇಡ ಅಂದಿದ್ದಾರೆ. ಅಕ್ಕನಿಗೆ ಆಗಿದೆ, ಆರಾಮಾಗಿ ನಡೆಯುತ್ತಾಳೆ. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು ಬಿಟ್ಟಿದ್ದಾಳೆ. ಒಳಗೆ ಹಾಕುವ ಕೃತಕ ಕೀಲಿನ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲಿ ಮಿತಿ ಹಾಕಿದೆ, ಬಿಲ್ ನೋಡುವಾಗ ಅದು ಗೊತ್ತಿರಲಿ.

ಕುಂದಾದ್ರಿ ತಪ್ಪಲು:
ಮೂರು ವಾರ ಆಯಿತು, ಬಂದು ಹೇಳಬೇಕಿತ್ತು. ಮರುದಿನವೇ ಪುಡಿಯ ಪೊಟ್ಟಣ ತೆಗೆದುಕೊಂಡು ಹೋದೆವು. ಡಾಕ್ಟರ್ ಬೈಯಲಿಲ್ಲ. "ಹೇಳಿದ್ದು ಒಳ್ಳೆಯದಾಯಿತಮ್ಮ" ಅಂದರು. ಅಮ್ಮ ಅಲ್ಲೇ ಅತ್ತುಬಿಟ್ಟರು. ಪುಡಿ ನಿಲ್ಲಿಸಿ, ಅದರ ಜಾಗಕ್ಕೆ ಲೆಕ್ಕದ ಸ್ಟಿರಾಯ್ಡ್ ಮಾತ್ರೆ ಕೊಟ್ಟು ವಾರ ವಾರ ಇಳಿಸುತ್ತಿದ್ದಾರೆ. ಸಕ್ಕರೆ ಸ್ವಲ್ಪ ಏರಿದೆ, ನೋಡುತ್ತಿದ್ದಾರೆ. ಆಂಟಿ ಸಿಸಿಪಿ ಪಾಸಿಟಿವ್ ಬಂತು. ಮೆಥೊಟ್ರೆಕ್ಸೇಟ್ ಶುರುವಾಗಿದೆ, ಬುಧವಾರಕ್ಕೊಮ್ಮೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬುಧವಾರಕ್ಕೆಲ್ಲ ಅಪ್ಪ ಕೆಂಪು ಸುತ್ತು ಹಾಕಿದ್ದಾರೆ. ನೋವು ಇನ್ನೂ ಇದೆ. 12 ವಾರ ಕಾಯುತ್ತೇವೆ.

ಹಾಲು ಕರೆಯುವುದು ಈಗ ನಾನು. ಆದರೆ ಕೊಯ್ಲು ಹತ್ತಿರ ಬಂತು. ಅಮ್ಮ ಮೆಟ್ಟುಗತ್ತಿ ತೆಗೆದು ಒರೆಸಿ ಇಟ್ಟಿದ್ದಾರೆ, ಸುಲಿಯಲು ಕೂರುತ್ತೇನೆ ಎಂದು ಹಟ. ತೀರ್ಥಹಳ್ಳಿ ಸುತ್ತ ಅಡಿಕೆ ಸುಲಿಯುವ ಮಿಷನ್ ಬಾಡಿಗೆಗೆ ತರುವವರು ಯಾರಾದರೂ ಇದ್ದಾರಾ?

ಅಡಿಕೆ ಸೀಮೆ:
ಇದ್ದಾರೆ ತಂಗಿ. ನಮ್ಮ ಮನೆಗೆ ಬರುವವರು ನಿಮ್ಮ ಕಡೆಗೂ ಬರುತ್ತಾರೆ. ನಂಬರ್ ನಿನಗೆ ಬೇರೆಯಾಗಿ ಕಳಿಸುತ್ತೇನೆ. ಬೇಗ ಹೇಳಿಟ್ಟುಕೋ, ಕೊಯ್ಲು ಶುರುವಾದರೆ ಅವರು ಕೈಗೆ ಸಿಗುವುದಿಲ್ಲ.